ಪೊರೆಯ ಹಿಂದಿನ ಚಪ್ಪಲಿಗಳು: ಇಂಥ ಕಲೆ ಗಾಯವನ್ನು ಮಾಯಿಸುತ್ತದೆಯೇ, ಕೆದಕುತ್ತದೆಯೇ?

ದಾವಣಗೆರೆಯ ಓದುಗಿ (ಪ್ರಶ್ನೆ):
ಕೊಲಂಬಿಯಾದ ಕಲಾವಿದೆ ಡೋರಿಸ್ ಸಾಲ್ಸೆಡೊ ಅವರ 'ಅಟ್ರಾಬಿಲಿಯಾರಿಯೋಸ್' ಎಂಬ ಕೃತಿಯ ಚಿತ್ರಗಳನ್ನು ಕಳೆದ ವಾರ ಲ್ಯಾಪ್‌ಟಾಪಿನಲ್ಲಿ ನೋಡುತ್ತಿದ್ದೆ. ಆ ದೇಶದ ಹಿಂಸಾಚಾರದಲ್ಲಿ ಕಾಣೆಯಾದವರ, ಅವರಲ್ಲಿಯೂ ಹೆಚ್ಚಾಗಿ ಹೆಂಗಸರ, ಪಾದರಕ್ಷೆಗಳನ್ನು ಗೋಡೆಯಲ್ಲಿ ಕೊರೆದ ಸಣ್ಣ ಗೂಡುಗಳಲ್ಲಿ ಇರಿಸಿ, ಅವುಗಳ ಮೇಲೆ ಹಸುವಿನ ಮೂತ್ರಕೋಶದ ಪೊರೆಯನ್ನು ಎಳೆದು, ಶಸ್ತ್ರಚಿಕಿತ್ಸೆಗೆ ಬಳಸುವ ದಾರದಿಂದ ಗೋಡೆಗೇ ಹೊಲಿದಿದ್ದಾರೆ. ಹಿಂದಿನಿಂದ ಬಂದ ಅಮ್ಮ ಬಹಳ ಹೊತ್ತು ನೋಡುತ್ತಾ ನಿಂತರು. ತೀರಿಕೊಂಡ ನನ್ನ ತಮ್ಮನ ಚಪ್ಪಲಿಗಳು ಹನ್ನೊಂದು ವರ್ಷಗಳಿಂದ ಅವರ ಮಂಚದ ಕೆಳಗೇ ಇವೆ. ಗುಡಿಸುವಾಗ ಎತ್ತಿ, ಒರೆಸಿ, ಮತ್ತೆ ಅಲ್ಲೇ ಇಡುತ್ತಾರೆ. ಅಮ್ಮ ಕೇಳಿದ್ದು ಒಂದೇ ಮಾತು: "ಪೊರೆ ಯಾಕೆ ಹಾಕಿದ್ದಾರೆ? ಸರಿಯಾಗಿ ಕಾಣಿಸುವುದೇ ಇಲ್ಲವಲ್ಲ." ಆ ರಾತ್ರಿ ಅವರು ಊಟ ಮಾಡಲಿಲ್ಲ. ತೋರಿಸಬಾರದಿತ್ತೇ ಎಂಬ ಅಳುಕು ನನ್ನನ್ನು ಬಿಟ್ಟಿಲ್ಲ. ಬಲ್ಲವರು ತಿಳಿಸಬೇಕು.

ಕಲ್ಲು-ಉಳಿ:
ನಾನು ಶಿಲ್ಪ ಕಲಿತವನು, ಆದ್ದರಿಂದ ಪೊರೆಯ ಬಗ್ಗೆ ಮಾತ್ರ ಹೇಳಬಲ್ಲೆ. ಗಾಜಿನ ಹಿಂದೆ ಇಟ್ಟಿದ್ದರೆ ಆ ಚಪ್ಪಲಿಗಳು ವಸ್ತುಸಂಗ್ರಹಾಲಯದ ಮಾದರಿಗಳಾಗಿಬಿಡುತ್ತಿದ್ದವು. ಪೊರೆಯ ಹಿಂದೆ ಅವು ಇವೆ, ಆದರೆ ಕೈಗೆ ಸಿಗುವುದಿಲ್ಲ. ಕಾಣೆಯಾದವರ ಮನೆಯವರಿಗೆ ಆ ಜೀವಗಳು ಇರುವುದೂ ಹೀಗೆಯೇ ಅಲ್ಲವೇ? ಸತ್ತರೆಂದು ತಿಥಿ ಮಾಡುವಂತಿಲ್ಲ, ಬರುತ್ತಾರೆಂದು ಬಾಗಿಲು ತೆರೆದಿಡುವಂತಿಲ್ಲ. ಸಾಲ್ಸೆಡೊ ಅಂಥ ಕುಟುಂಬಗಳನ್ನು ಕಂಡು, ಅವರ ಮಾತು ಕೇಳಿ, ಆ ಬಳಿಕ ಕೆಲಸಕ್ಕೆ ಕೂರುವವರು. ಆದರೂ ಕೃತಿಯಲ್ಲಿ ಒಂದು ಮುಖವಾಗಲಿ, ರಕ್ತದ ಹನಿಯಾಗಲಿ ಇಲ್ಲ. ಚಿತ್ರಹಿಂಸೆಗೊಳಗಾಗಿ ಸತ್ತ ಒಬ್ಬ ದಾದಿಯ ನೆನಪಿಗೆ ಅವರು ಅಸಂಖ್ಯ ಗುಲಾಬಿ ಎಸಳುಗಳನ್ನು ಕೈಯಿಂದಲೇ ಒಂದಕ್ಕೊಂದು ಹೊಲಿದು, ನೆಲದ ಮೇಲೆ ಹರಡುವ ಹೊದಿಕೆಯೊಂದನ್ನು ಮಾಡಿದರು. ಹೊಲಿಗೆಯೇ ಅಲ್ಲಿ ಶುಶ್ರೂಷೆ.

ಮನೋವಿಚಾರ:
ಆಪ್ತಸಮಾಲೋಚನೆಯಲ್ಲಿ ಹಲವು ವರ್ಷ ಕಳೆದವಳಾಗಿ ನಾನು ಸ್ವಲ್ಪ ಭಿನ್ನವಾಗಿ ಹೇಳಬೇಕಾಗಿದೆ. 'ಕಲೆ ವಾಸಿ ಮಾಡುತ್ತದೆ' ಎಂಬ ಮಾತನ್ನು ಪ್ರದರ್ಶನಗಳ ಕರಪತ್ರಗಳಲ್ಲಿ ಎಷ್ಟು ಸಲೀಸಾಗಿ ಬರೆಯುತ್ತಾರೆಂದರೆ, ನನಗೆ ಆ ಪದವೇ ರೇಜಿಗೆಯಾಗಿದೆ. ಚಿಕಿತ್ಸೆಯಲ್ಲಿ ನೋವು ಹೇಳಿಕೊಳ್ಳುವವರ ಜೊತೆ ಒಬ್ಬರು ಕೂತಿರುತ್ತಾರೆ, ಮುಂದಿನ ವಾರವೂ ಬರುತ್ತಾರೆ, ಗ್ಯಾಲರಿಯಲ್ಲಿ ಹಾಗಿಲ್ಲ. ತನ್ನ ದೇಹವನ್ನೇ ಕೃತಿಯಾಗಿಸುವ ಕಲಾವಿದೆ ಮರೀನಾ ಅಬ್ರಾಮೊವಿಚ್ 1974ರಲ್ಲಿ ನೇಪಲ್ಸ್‌ನಲ್ಲಿ 72 ವಸ್ತುಗಳನ್ನು ಮೇಜಿನ ಮೇಲಿಟ್ಟು, ಇವುಗಳಿಂದ ನನಗೆ ಏನು ಬೇಕಾದರೂ ಮಾಡಬಹುದೆಂದು ಆರು ಗಂಟೆ ಸುಮ್ಮನೆ ನಿಂತರು. ವಸ್ತುಗಳಲ್ಲಿ ಗುಲಾಬಿಯೂ ಇತ್ತು, ಪಿಸ್ತೂಲೂ ಇತ್ತು. ನೋಡಲು ಬಂದವರೇ ಅವರ ಬಟ್ಟೆ ಕತ್ತರಿಸಿದರು. ಪಿಸ್ತೂಲನ್ನು ಅವರತ್ತ ಗುರಿ ಹಿಡಿಯುವವರೆಗೂ ಹೋಯಿತು. ತನ್ನನ್ನು ತೆರೆದಿಟ್ಟುಕೊಂಡವರಿಗೆ ರಕ್ಷಣೆ ತಾನಾಗಿ ಒದಗುವುದಿಲ್ಲ. ನಿಮ್ಮ ತಾಯಿಯವರ ವಿಷಯಕ್ಕೆ ಬಂದರೆ, ತೋರಿಸಿದ್ದು ತಪ್ಪೆಂದು ನಾನು ಹೇಳಲಾರೆ. ಅವರು ಊಟ ಬಿಟ್ಟದ್ದಕ್ಕಿಂತ ಪ್ರಶ್ನೆ ಕೇಳಿದ್ದು ನನಗೆ ಮುಖ್ಯವಾಗಿ ಕಾಣುತ್ತದೆ. ಇಂದು ಸಂಜೆ ಅವರ ಪಕ್ಕ ಕುಳಿತು, ಆ ಚಪ್ಪಲಿಗಳ ಬಗ್ಗೆ ಅವರೇ ಮಾತೆತ್ತಿದರೆ ಕೇಳಿಸಿಕೊಳ್ಳಿ.

ತುಂಗಭದ್ರಾ:
ನಮ್ಮ ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ ಅವರ 1998ರ ಕೃತಿಯನ್ನೂ ಇಲ್ಲಿ ನೆನೆಯಬಹುದು. 'ನನ್ನ ನೋವನ್ನು ಅವನಿಗೆ ಹೇಳು' ಎಂಬರ್ಥದ ಹೆಸರು ಅದಕ್ಕೆ. ಸೂಜಿಗಳ ಕಣ್ಣಿನಲ್ಲಿ ಪೋಣಿಸಿ ಎಳೆದ ಉದ್ದನೆಯ ನೂಲುಗಳನ್ನು ಅಂಟು ಮತ್ತು ಕುಂಕುಮ ಬಳಿದು ಒಂದಾಗಿಸಿ, ಕೆಂಪು ಹಗ್ಗವಾಗಿ ಗೋಡೆ-ನೆಲಗಳ ಮೇಲೆ ಹರಿಯಬಿಟ್ಟಿದ್ದಾರೆ. ತುದಿಯಲ್ಲಿ ಸೂಜಿಗಳು ಗೊಂಚಲಾಗಿ ಜೋತಾಡುತ್ತವೆ. ದೂರದಿಂದ ಹೊಕ್ಕುಳಬಳ್ಳಿಯಂತೆ, ಹತ್ತಿರ ಹೋದರೆ ಮುಟ್ಟಿದವರ ಬೆರಳಿಗೆ ಚುಚ್ಚುವಂತೆ ಕಾಣುವ ಆ ಹಗ್ಗವನ್ನು ಯಾರೂ ಸಮಾಧಾನದ ವಸ್ತು ಎನ್ನಲಾರರು. ಮನೋವಿಚಾರ ಅವರ ಎಚ್ಚರಿಕೆಯನ್ನು ಒಪ್ಪುತ್ತೇನೆ. ಆದರೆ ಸಾಲ್ಸೆಡೊ 2007ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಕಲಾ ಸಂಗ್ರಹಾಲಯದ ನೆಲದಲ್ಲಿ ಮಾಡಿದ 167 ಮೀಟರ್ ಉದ್ದದ ಬಿರುಕನ್ನು ಪ್ರದರ್ಶನ ಮುಗಿದ ಮೇಲೆ ತುಂಬಿಸಿದರೂ, ಅದರ ಗುರುತು ಅಲ್ಲಿ ಉಳಿದುಕೊಂಡಿತು. ಗಾಯದ ಗುರುತಿಗೂ ನಮ್ಮ ಭಾಷೆ 'ಕಲೆ' ಎಂದೇ ಅನ್ನುತ್ತದೆ. ಮಾಯಿಸುವ ಹೊಣೆಯನ್ನು ಇಂಥ ಕೃತಿಗಳ ತಲೆಗೆ ಕಟ್ಟುವುದೇ ತಪ್ಪೆಂದು ನನಗನ್ನಿಸುತ್ತದೆ. ಇಲ್ಲಿ ಬಿರುಕಿತ್ತು ಎಂಬುದನ್ನು ಅಳಿಸಲು ಬಿಡದಿರುವುದಷ್ಟೇ ಅವುಗಳ ಕೆಲಸ.

ದಾವಣಗೆರೆಯ ಓದುಗಿ:
ಎಲ್ಲರಿಗೂ ಕೃತಜ್ಞಳು. ನಿನ್ನೆ ಸಂಜೆ ಅಮ್ಮ ತಾವಾಗಿಯೇ ಆ ಚಿತ್ರವನ್ನು ಇನ್ನೊಮ್ಮೆ ತೋರಿಸೆಂದರು. ಮೂವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕುಳಿತವರಲ್ಲವೇ, ಚಿತ್ರವನ್ನು ದೊಡ್ಡದು ಮಾಡಿಸಿಕೊಂಡು ದಾರವನ್ನೇ ನೋಡಿದರು. "ಹೊಲಿಗೆ ಒರಟಾಗಿದೆ. ಬೇಕೆಂದೇ ಹೀಗೆ ಹಾಕಿದ್ದಾಳೆ, ಬಿಚ್ಚಿದರೆ ಪೊರೆ ಹರಿಯಬೇಕು," ಎಂದರು. ಆಮೇಲೆ ತಮ್ಮನ ಆ ಜೋಡಿಯನ್ನು ಯಾವ ಅಂಗಡಿಯಲ್ಲಿ, ಎಷ್ಟು ಚೌಕಾಸಿ ಮಾಡಿ ಕೊಡಿಸಿದ್ದೆ ಎಂಬುದನ್ನು ಮೊದಲ ಸಲ ಹೇಳಿದರು.