ಜೇಬಿನ ಮಲ್ಟಿಟೂಲ್ ಒಂದೇ ಇದ್ದರೆ ಮನೆ ರಿಪೇರಿಗೆ ಸಾಕಾ?

ಬಾಡಿಗೆಮನೆ_ಮೈಸೂರು:

ಇಕ್ಕಳ, ಚಾಕು, ಸ್ಕ್ರೂಡ್ರೈವರ್ ಎಲ್ಲ ಒಂದರಲ್ಲೇ ಮಡಚಿಕೊಳ್ಳುವ ಲೆದರ್‌ಮನ್ ವೇವ್ ಪ್ಲಸ್ ಮಲ್ಟಿಟೂಲ್ ಇದೆ. ಆಗಾಗ ಮನೆ ಬದಲಿಸುವುದರಿಂದ ಟೂಲ್‌ಬಾಕ್ಸ್ ಹೊರುವ ಮನಸ್ಸಿಲ್ಲ. ಸದ್ಯ ಬಾಕಿ ಇರುವ ಕೆಲಸಗಳು ಇಷ್ಟು: ಅಡುಗೆಮನೆ ಕಪಾಟಿನ ಬಾಗಿಲು ಜೋತುಬಿದ್ದಿದೆ, ಬಚ್ಚಲಿನ ನಲ್ಲಿ ತೊಟ್ಟಿಕ್ಕುತ್ತೆ, ಇಸ್ತ್ರಿಪೆಟ್ಟಿಗೆಯ ಪ್ಲಗ್ ಬಿಸಿಯಾಗುತ್ತೆ, ಮಿಕ್ಸಿ ಕಪ್ಲರ್‌ನ (ಜಾರನ್ನು ಮೋಟರಿಗೆ ಜೋಡಿಸುವ ಬಿಲ್ಲೆ) ಹಲ್ಲು ಸವೆದಿದೆ. ಯಾವುದಕ್ಕೆ ಇದೊಂದೇ ಸಾಕು, ಯಾವುದಕ್ಕೆ ಬೇರೆ ಕೊಳ್ಳಲೇಬೇಕು? ‘ಮೆಕ್ಯಾನಿಕ್ ಕರೆಸಿ’ ಅನ್ನೋ ಉತ್ತರ ಬೇಡ.

ತಿರುಪುಮೊಳೆ:

ಕಪಾಟಿಗೆ ಸಾಕು. ಬಾಗಿಲಲ್ಲಿ 35 ಮಿ.ಮೀ. ಗುಂಡನೆಯ ಬಟ್ಟಲು ಕೂತಿರುವ ಹಿಂಜ್ ಆದರೆ ಅದರ ತೋಳಿನಲ್ಲಿ ಎರಡು ಸ್ಕ್ರೂ ಕಾಣುತ್ತವೆ. ಬಾಗಿಲ ಕಡೆಗಿರುವುದು ಬಾಗಿಲನ್ನು ಎಡ-ಬಲಕ್ಕೆ ಸರಿಸುತ್ತೆ, ಹಿಂದಿನದು ಒಳ-ಹೊರಕ್ಕೆ. ಎತ್ತರ ಸರಿಮಾಡಲು ಕಪಾಟಿನ ಒಳಗೋಡೆಯ ಪ್ಲೇಟಿನ ಸ್ಕ್ರೂಗಳನ್ನು ಸಡಿಲಿಸಿ, ಬಾಗಿಲ ಕೆಳಗೆ ಪುಸ್ತಕವನ್ನೋ ಹಲಗೆಯನ್ನೋ ಕೊಟ್ಟು ಎತ್ತಿ ನಿಲ್ಲಿಸಿ, ಮತ್ತೆ ಬಿಗಿಯಬೇಕು. ಒಂದು ಸಲಕ್ಕೆ ಕಾಲು ಸುತ್ತು ಸಾಕು. ಪ್ರತಿ ಸಲ ಬಾಗಿಲು ಮುಚ್ಚಿ ನೋಡಿ.

ಸ್ಕ್ರೂ ತಿರುಗುತ್ತಲೇ ಇದೆ, ಬಿಗಿಯಾಗುತ್ತಿಲ್ಲ ಅಂದರೆ ಪಾರ್ಟಿಕಲ್ ಬೋರ್ಡಿನ ತೂತು ಸಡಿಲವಾಗಿದೆ ಅಂತ ಅರ್ಥ. ಮದ್ದು ತೆಗೆದ ಎರಡು-ಮೂರು ಬೆಂಕಿಕಡ್ಡಿಗಳನ್ನು ಫೆವಿಕಾಲ್‌ನಲ್ಲಿ ಅದ್ದಿ ತೂತಿಗೆ ತುರುಕಿ, ಮಟ್ಟಕ್ಕೆ ಕತ್ತರಿಸಿ, ಒಂದು ರಾತ್ರಿ ಒಣಗಲು ಬಿಟ್ಟು ಅದೇ ಸ್ಕ್ರೂ ಹಾಕಿ. ಉದ್ದದ ಸ್ಕ್ರೂ ಹಾಕುವ ಆಸೆ ಬೇಡ, ಆಚೆ ಬದಿಗೆ ತೂರಿಕೊಂಡು ಹೋಗುತ್ತೆ.

ಸ್ಕ್ರೂ ತಲೆಯನ್ನು ಟಾರ್ಚ್ ಬಿಟ್ಟು ನೋಡಿ. ಪ್ಲಸ್ ಗುರುತಿನ ಸಂದುಗಳಲ್ಲಿ ಓರೆಯಾಗಿ ನಾಲ್ಕು ಸಣ್ಣ ಗೀರುಗಳಿದ್ದರೆ ಅದು ಪೋಜಿಡ್ರೈವ್. ಅದಕ್ಕೆ ಸಾದಾ ಪ್ಲಸ್ ಆಕಾರದ ಫಿಲಿಪ್ಸ್ ಬಿಟ್ (ಹಿಡಿಗೆ ಸಿಕ್ಕಿಸುವ ಸ್ಕ್ರೂಡ್ರೈವರ್ ತುದಿ) ಒತ್ತಿದರೆ ಜಾರಿ ತಲೆಯನ್ನೇ ತಿಂದುಬಿಡುತ್ತೆ. ವೇವ್ ಪ್ಲಸ್‌ಗೆ ಲೆದರ್‌ಮನ್‌ನ ಚಪ್ಪಟೆ ಬಿಟ್‌ಗಳೇ ಬೇಕು, ಅಂಗಡಿಯಲ್ಲಿ ಸಿಗುವ ಕಾಲಿಂಚಿನ ಆರು ಮೂಲೆಯ ಬಿಟ್ ನೇರವಾಗಿ ಕೂರಲ್ಲ. ಇನ್ನೊಂದು ತೊಂದರೆ, ಬಿಟ್ ಹಿಡಿಯ ನಡುವಿನಲ್ಲಿಲ್ಲ, ಒಂದು ಪಕ್ಕಕ್ಕಿದೆ. ಹಿಡಿಯ ಮಧ್ಯಕ್ಕೆ ಒತ್ತಿದರೆ ಬಿಟ್ ಓರೆಯಾಗುತ್ತೆ. ಎಡಗೈ ಹೆಬ್ಬೆರಳಿಂದ ಬಿಟ್‌ನ ನೇರ ಹಿಂದೆ ಒತ್ತಿ, ಬಲಗೈಯಲ್ಲಿ ತಿರುಗಿಸಿ.

ಪಾನಾ_ಪಕ್ಕಡ:

ನಲ್ಲಿಗೆ ಮಾತ್ರ ಆ ಇಕ್ಕಳ ತಗೊಂಡು ಹೋಗಬೇಡಿ. ಇಕ್ಕಳದ ದವಡೆ ಕತ್ತರಿಯಂತೆ ಓರೆಯಾಗಿ ತೆರೆದುಕೊಳ್ಳುತ್ತೆ, ಆರು ಮೂಲೆಯ ನಟ್ಟನ್ನು ಎರಡು ಬಿಂದುಗಳಲ್ಲಿ ಮಾತ್ರ ಹಿಡಿಯುತ್ತೆ. ಬಲ ಹಾಕಿದ ಕೂಡಲೇ ಮೂಲೆ ದುಂಡಗಾಗಿ ಕ್ರೋಮ್ ಕಿತ್ತು ಬರುತ್ತೆ. ಆಮೇಲೆ ಯಾವ ಪಾನವೂ ಹಿಡಿಯಲ್ಲ, ನಲ್ಲಿಯ ದುಡ್ಡು ಮಾಲೀಕರಿಗೆ ನೀವೇ ಕೊಡಬೇಕು. ಅಡ್ಜಸ್ಟಬಲ್ ಸ್ಪ್ಯಾನರ್ ಒಂದು ಕೊಳ್ಳಿ.

ಮೊದಲು ನೀರು ಎಲ್ಲಿಂದ ಬರ್ತಿದೆ ನೋಡಿ. ಮೂತಿಯಿಂದ ತೊಟ್ಟಿಕ್ಕಿದರೆ ಒಳಗಿನ ವಾಷರ್ ಹೋಗಿದೆ. ನಲ್ಲಿ ತೆರೆದಾಗ ಹಿಡಿಯ ಬುಡದಲ್ಲಿ ಒಸರಿದರೆ ಸ್ಪಿಂಡಲ್‌ನ (ಹಿಡಿಯ ಜೊತೆ ತಿರುಗುವ ಒಳಗಿನ ಕಡ್ಡಿ) ಓ-ರಿಂಗ್ ಅಥವಾ ಪ್ಯಾಕಿಂಗ್ ಹೋಗಿದೆ, ವಾಷರ್ ಬದಲಿಸಿ ಪ್ರಯೋಜನವಿಲ್ಲ.

ಹಲವು ಸುತ್ತು ತಿರುಗುವ ಹಳೇ ಮಾದರಿಯಾದರೆ: ನಲ್ಲಿಗೆ ನೀರು ಬರುವ ವಾಲ್ವ್ ಮುಚ್ಚಿ, ನಲ್ಲಿ ತೆರೆದು ಪೈಪಿನ ನೀರು ಖಾಲಿ ಮಾಡಿ. ಹಿಡಿಯ ಮೇಲಿನ ಬಿಲ್ಲೆಯನ್ನು ಸಣ್ಣ ಚಪ್ಪಟೆ ಸ್ಕ್ರೂಡ್ರೈವರಿನಿಂದ ಎಬ್ಬಿಸಿ ಸ್ಕ್ರೂ ಬಿಚ್ಚುವ ತನಕ ಮಲ್ಟಿಟೂಲ್ ಸಾಕು. ಅದರ ಕೆಳಗಿನ ದೊಡ್ಡ ನಟ್ಟಿಗೆ ಸ್ಪ್ಯಾನರ್. ನಟ್ ಬಿಚ್ಚಿದರೆ ಸ್ಪಿಂಡಲ್ ತುದಿಯಲ್ಲಿ ರಬ್ಬರ್ ವಾಷರ್ ಸಿಗುತ್ತೆ. ಅದನ್ನೇ ಅಂಗಡಿಗೆ ಒಯ್ದು ತೋರಿಸಿ ಅದೇ ಅಳತೆಯದು ತನ್ನಿ.

ಕಾಲು ಸುತ್ತಿನಲ್ಲೇ ಪೂರ್ತಿ ತೆರೆಯುವ ನಲ್ಲಿಯಾದರೆ ಒಳಗಿರುವುದು ಸೆರಾಮಿಕ್ ಡಿಸ್ಕ್. ಬೋರ್‌ವೆಲ್ ನೀರಿನ ಸುಣ್ಣ ಅದರ ನಡುವೆ ಸಿಕ್ಕಿ ಗೀರು ಬಿದ್ದಿದ್ದರೆ ಆ ಡಿಸ್ಕ್ ಇರುವ ಕಾರ್ಟ್ರಿಜ್ಜನ್ನೇ ಪೂರ್ತಿ ಬದಲಿಸಬೇಕು. ನೀರು ಸಣ್ಣಗೆ ಬರುವ ದೂರಿಗೆ ಮಾತ್ರ ಮಲ್ಟಿಟೂಲ್ ಪೂರ್ತಿ ಕೆಲಸ ಮಾಡುತ್ತೆ: ಮೂತಿಯ ಜಾಲರಿಗೆ ಬಟ್ಟೆ ಸುತ್ತಿ ಇಕ್ಕಳದಿಂದ ಬಿಚ್ಚಿ, ಅರ್ಧ ಗಂಟೆ ವಿನೆಗರ್‌ನಲ್ಲಿ ನೆನೆಹಾಕಿ ಹಲ್ಲುಜ್ಜುವ ಹಳೇ ಬ್ರಷ್‌ನಿಂದ ಉಜ್ಜಿ.

ಇಡೀ ನಲ್ಲಿ ಬದಲಿಸುವ ಹಾಗಾದರೆ ಟೆಫ್ಲಾನ್ ಟೇಪನ್ನು ಮರೆಯ (ತಿರುಪು ಗೆರೆಗಳ) ತುದಿ ನಿಮ್ಮ ಕಡೆಗಿದ್ದಾಗ ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತಿ, ತೆಳು ಟೇಪ್ ಆದರೆ 8ರಿಂದ 10 ಸುತ್ತು. ಉಲ್ಟಾ ಸುತ್ತಿದರೆ ಬಿಗಿಯುವಾಗ ಟೇಪ್ ಬಿಚ್ಚಿಕೊಂಡು ಹೊರಗೆ ಬರುತ್ತೆ.

ವೈರ್‌ಮ್ಯಾನ್_ಹಾಸನ:

ಪ್ಲಗ್ ವಿಷಯ ಹೇಳ್ತೀನಿ. ಮಲ್ಟಿಟೂಲ್ ಪೂರಾ ಉಕ್ಕು, ಹಿಡಿಗೆ ಇನ್ಸುಲೇಷನ್ ಇಲ್ಲ. ಹಿಡಿಗೆ ಕರಿ ಟೇಪ್ ಸುತ್ತಿದರೆ ಇನ್ಸುಲೇಟೆಡ್ ಪಕ್ಕಡ ಆಗಲ್ಲ. ಹಾಗಾಗಿ ಗೋಡೆಯಿಂದ ಕಿತ್ತು ಕೈಗೆ ತಗೊಂಡ ಪ್ಲಗ್‌ಗೆ ಧಾರಾಳವಾಗಿ ಬಳಸಿ, ಗೋಡೆಯ ಸ್ವಿಚ್‌ಬೋರ್ಡಿಗೆ ಬೇಡ.

ಪ್ಲಗ್ ಬಿಸಿಯಾಗುವುದಕ್ಕೆ ಮುಖ್ಯ ಕಾರಣ ಸಡಿಲ ಸ್ಕ್ರೂ. 1000 ವ್ಯಾಟ್ ಇಸ್ತ್ರಿಪೆಟ್ಟಿಗೆ 230 ವೋಲ್ಟಿನಲ್ಲಿ ಎಳೆಯುವುದು ಸುಮಾರು 4.3 ಆಂಪಿಯರ್, 6 ಆಂಪಿಯರ್ ಪ್ಲಗ್ ಅದನ್ನು ತಾಳಬೇಕು. ತಾಳದೆ ಬಿಸಿಯಾದರೆ ಜೋಡಣೆ ಕೆಟ್ಟಿದೆ. ಪ್ಲಗ್ ಬಿಚ್ಚಿ, ಕಪ್ಪಾದ ತಂತಿತುದಿ ಕತ್ತರಿಸಿ ಹೊಸದಾಗಿ ಸಿಪ್ಪೆ ಸುಲಿಯಿರಿ, 8ರಿಂದ 10 ಮಿ.ಮೀ. ಸಾಕು. ಚಾಕುವಿನಲ್ಲಿ ಸುಲಿಯುವಾಗ ಎಳೆ ಕತ್ತರಿಸಿಹೋದರೆ ಉಳಿದ ಎಳೆಗಳಲ್ಲೇ ಪೂರ್ತಿ ಕರೆಂಟ್ ಹರಿದು ಮತ್ತೆ ಬಿಸಿ. ಎಳೆಗಳನ್ನು ಹುರಿಮಾಡಿ ಸ್ಕ್ರೂ ಬಿಗಿಯುವ ದಿಕ್ಕಿಗೇ ಸುತ್ತಿ. ಹಸಿರು ಅಥವಾ ಹಸಿರು-ಹಳದಿ ತಂತಿ, ಅಂದರೆ ಅರ್ಥ್, ದಪ್ಪ ಪಿನ್ನಿಗೆ, ಉಳಿದೆರಡಕ್ಕಿಂತ ಸ್ವಲ್ಪ ಉದ್ದ ಬಿಡಿ. ವೈರ್ ಜಗ್ಗಿದಾಗ ಅರ್ಥ್ ಕೊನೆಗೆ ಕೀಳಬೇಕು. ಒಳಗಿನ ಕ್ಲ್ಯಾಂಪ್ ಹೊರಗಿನ ದಪ್ಪ ಕವಚವನ್ನು ಹಿಡಿದಿರಬೇಕು, ಒಳತಂತಿಗಳನ್ನಲ್ಲ. ಪಿನ್ನಿನ ಬುಡದ ಪ್ಲಾಸ್ಟಿಕ್ ಕರಗಿದ್ದರೆ ಹೊಸ ಪ್ಲಗ್ ತನ್ನಿ.

ಬಾಡಿಗೆಮನೆ_ಮೈಸೂರು:

ಸಾಕೆಟ್ಟೇ ಸಡಿಲ ಅನ್ನಿಸ್ತಿದೆ. ಎಂಸಿಬಿ (ಮೇನ್ ಬೋರ್ಡಿನ ಬ್ರೇಕರ್ ಸ್ವಿಚ್) ಇಳಿಸಿದರೂ ಮಲ್ಟಿಟೂಲ್ ಬೇಡ್ವಾ?

ವೈರ್‌ಮ್ಯಾನ್_ಹಾಸನ:

ಮನೆಯಲ್ಲಿ ಇನ್ವರ್ಟರ್ ಇದ್ದರೆ ಎಂಸಿಬಿ ಇಳಿಸಿದ್ದು ಸಾಲದು. ಮೇನ್ಸ್ ಹೋದ ಕೂಡಲೇ ಅದು ತನ್ನ ಲೈನಿಗೆ 230 ವೋಲ್ಟ್ ಕೊಡುತ್ತೆ. ಇನ್ವರ್ಟರ್‌ನ ಔಟ್‌ಪುಟ್ಟನ್ನೂ ಆಫ್ ಮಾಡಿ. ಸ್ವಿಚ್ ಆಫ್ ಮಾಡಿದ್ದನ್ನಂತೂ ನಂಬಲೇಬೇಡಿ, ಹಳೇ ಮನೆಗಳಲ್ಲಿ ಸ್ವಿಚ್ಚನ್ನು ನ್ಯೂಟ್ರಲ್ ಮೇಲೆ ಹಾಕಿರುವುದುಂಟು. ಟೆಸ್ಟರನ್ನು ಕರೆಂಟ್ ಇದೆ ಅಂತ ಗೊತ್ತಿರುವ ಕಡೆ ಮೊದಲು ಹಚ್ಚಿ, ಎಂಸಿಬಿ ಇಳಿಸಿ, ಬಿಚ್ಚಬೇಕಾದ ಸಾಕೆಟ್ಟಿನಲ್ಲಿ ನೋಡಿ, ಆಮೇಲೆ ಟೆಸ್ಟರ್ ಇನ್ನೂ ಸರಿಯಿದೆಯಾ ಅಂತ ಕರೆಂಟ್ ಇರುವ ಬೇರೆ ಸರ್ಕ್ಯೂಟಿನಲ್ಲಿ ಮತ್ತೊಮ್ಮೆ ನೋಡಿ. ಇಷ್ಟಾದ ಮೇಲೂ ಇನ್ಸುಲೇಟೆಡ್ ಸ್ಕ್ರೂಡ್ರೈವರ್ ಇರಲಿ.

ಕಡಲತೀರದ_ತುಕ್ಕು:

ಮಿಕ್ಸಿ ಬಾಕಿ ಉಳೀತು. ಪ್ಲಗ್ ಕಿತ್ತಿಡಿ. ಮರೆಯಿರುವ ಕಪ್ಲರ್ ಆದರೆ ಮೋಟರ್ ತಿರುಗುವ ದಿಕ್ಕಿಗೇ ತಿರುಗಿಸಿದಾಗ ಬಿಚ್ಚಿಕೊಳ್ತದೆ. ಓಡುವಾಗ ಭಾರ ಹಿಂದಕ್ಕೆ ಎಳೆದಷ್ಟೂ ಬಿಗಿಯಾಗಲಿ ಅಂತ ಮರೆ ಹಾಗಿಟ್ಟಿರ್ತಾರೆ. ಆದ್ದರಿಂದ ಮೊದಲೇ ಒಂದು ಕ್ಷಣ ಓಡಿಸಿ ದಿಕ್ಕು ನೋಡಿಕೊಳ್ಳಿ. ಉಲ್ಟಾ ತಿರುಗಿಸಿದರೆ ಇನ್ನಷ್ಟು ಕಚ್ಚಿಕೊಳ್ತದೆ. ಕಪ್ಲರ್ ಜೊತೆ ಶಾಫ್ಟೂ ತಿರುಗ್ತದೆ, ಅದನ್ನು ತಡೆಯಬೇಕು. ತಳದ ಮುಚ್ಚಳ ಬಿಚ್ಚಿದರೆ ಬಹಳಷ್ಟು ಮಿಕ್ಸಿಗಳಲ್ಲಿ ಶಾಫ್ಟಿನ ಕೆಳತುದಿಯಲ್ಲಿ ಸ್ಕ್ರೂಡ್ರೈವರ್ ಕೂರುವ ಗೀರು ಇರ್ತದೆ. ಅಲ್ಲಿಗೆ ಬೇರೆ ಸ್ಕ್ರೂಡ್ರೈವರ್ ಕೊಟ್ಟು ಮೇಲಿಂದ ಇಕ್ಕಳದಲ್ಲಿ ಕಪ್ಲರ್ ಹಿಡಿಯಿರಿ. ಹೇಗೂ ಬಿಸಾಡುವ ಕಪ್ಲರ್, ಗಾಯವಾದರೆ ಆಗಲಿ. ಹೊಸದನ್ನು ಕೈಯಲ್ಲಿ ಬಿಗಿದರೆ ಸಾಕು.

ತಂತಿ ಕತ್ತರಿಸುವಾಗ ಎಚ್ಚರ. ತಾಮ್ರ, ಕಟ್ಟುತಂತಿ ಅಡ್ಡಿಯಿಲ್ಲ, ಸ್ಪ್ರಿಂಗ್ ತಂತಿ, ಸೈಕಲ್ ಕಡ್ಡಿ ಹಾಕಿದರೆ ಅಂಚಿಗೆ ಕಚ್ಚು ಬೀಳ್ತದೆ. ವೇವ್ ಪ್ಲಸ್‌ನ ಕಟ್ಟರ್ ಬಿಚ್ಚಿ ಬದಲಿಸಬಹುದು, ಆದರೂ ಬಿಡಿಭಾಗ ತರಿಸುವ ತಲೆನೋವು ಯಾಕೆ. ಮತ್ತೆ, ಮಲ್ಟಿಟೂಲಿನ ಕೀಲುಗಳಿಗೆ ತೆಂಗಿನೆಣ್ಣೆ ಬಿಡುವ ಅಭ್ಯಾಸ ನಮ್ಮ ಕಡೆ ಜಾಸ್ತಿ. ಅದು ಚಳಿಗೆ ಗಟ್ಟಿಯಾಗಿ, ಧೂಳು ಹಿಡಿದು ಅಂಟಂಟಾಗ್ತದೆ. ಹೊಲಿಗೆ ಯಂತ್ರದ ಎಣ್ಣೆ ಕೀಲಿಗೆ ಒಂದೇ ಹನಿ.

ಬಾಡಿಗೆಮನೆ_ಮೈಸೂರು:

ಸರಿ, ಸ್ಪ್ಯಾನರ್, ಟೆಸ್ಟರ್, ಇನ್ಸುಲೇಟೆಡ್ ಸ್ಕ್ರೂಡ್ರೈವರ್ ತರ್ತೀನಿ. ಸ್ಪ್ಯಾನರ್ 8 ಇಂಚಿಂದಾ, 10 ಇಂಚಿಂದಾ?

ಪಾನಾ_ಪಕ್ಕಡ:

10. ಎಂಟಿಂಚಿನದು ಸಾಮಾನ್ಯವಾಗಿ 24 ಮಿ.ಮೀ. ಆಸುಪಾಸಿಗೆ ನಿಲ್ಲುತ್ತೆ, ಅರ್ಧ ಇಂಚಿನ ಕನೆಕ್ಷನ್ ಪೈಪಿನ ನಟ್ಟಿಗೆ ಅದು ಕೂದಲೆಳೆಯಲ್ಲಿ ಸಾಲದೆ ಹೋಗಬಹುದು. ಕ್ರೋಮ್ ಮೇಲೆ ಬಟ್ಟೆ ಸುತ್ತಿ ಹಿಡಿಯಿರಿ. ಸರಿಯುವ ದವಡೆ ನೀವು ತಿರುಗಿಸುವ ದಿಕ್ಕಿಗಿರಲಿ, ಆಗ ಭಾರ ಗಟ್ಟಿ ದವಡೆ ಮೇಲೆ ಬೀಳುತ್ತೆ.