ನಿಂತಲ್ಲೇ ಓಡುವ ಎಂಜಿನ್‌ಗೆ ಆಯಿಲ್ ಯಾವಾಗ ಬದಲಿಸಬೇಕು?

ಬೆಂಗಳೂರಿನ ವಿಜಯನಗರದಿಂದ ಪ್ರಶ್ನೆ:
ಸೆಕೆಂಡ್ ಹ್ಯಾಂಡ್ ಡೀಸೆಲ್ ವ್ಯಾನ್ ಒಂದನ್ನು ಮಲಗುವುದಕ್ಕೂ ಅಡುಗೆಗೂ ಆಗುವಂತೆ ಮಾಡಿಸಿಕೊಂಡಿದ್ದೇವೆ. ಸಕಲೇಶಪುರದ ಕಡೆ ಹೋಗಿ ನಿಂತಾಗ ಫ್ರಿಜ್, ಫ್ಯಾನ್, ಲ್ಯಾಪ್‌ಟಾಪ್‌ಗಾಗಿ ಸಂಜೆ ಮೂರು ಗಂಟೆ ಹೊತ್ತು ಎಂಜಿನ್ ಚಾಲೂ ಇಡುತ್ತೇವೆ. ಗಾಡಿಯ ಪುಸ್ತಕದಲ್ಲಿ 10,000 ಕಿ.ಮೀ.ಗೆ ಆಯಿಲ್ ಬದಲಿಸಿ ಎಂದಿದೆ. ನಿಂತಾಗ ಮೀಟರೇ ಓಡುವುದಿಲ್ಲವಲ್ಲ, ಲೆಕ್ಕ ಹೇಗೆ? ಅನುಭವ ಇದ್ದವರು ತಿಳಿಸಿ.

ಪೀಣ್ಯದಿಂದ:
ಕಿಲೋಮೀಟರ್ ಜೊತೆಗೆ ಗಂಟೆಯನ್ನೂ ಎಣಿಸಿ ಸರ್. ಜನರೇಟರ್ ನೋಡಿಕೊಳ್ಳುವ ನಮಗೆ ಅದೇ ರೂಢಿ, ಅವಕ್ಕೆ ಚಕ್ರವೇ ಇಲ್ಲ. ಒಂದು ಗಂಟೆ ಐಡ್ಲಿಂಗ್ (ಗಾಡಿ ನಿಂತಲ್ಲೇ ಎಂಜಿನ್ ಓಡುವುದು) ಎಂದರೆ ಸುಮಾರು 25 ಮೈಲಿ, ಅಂದರೆ 40 ಕಿ.ಮೀ. ಓಡಿದ ಹಾಗೆ ಎಂದು ಅಮೆರಿಕದ ಫೋರ್ಡ್ ತನ್ನ ಕೆಲವು ಗಾಡಿಗಳಿಗೆ ಹೇಳುತ್ತದೆ. ನಮ್ಮಲ್ಲೂ ಅಂದಾಜಿಗೆ ಅದು ಸಾಕು. ಆಯಿಲ್ ಬದಲಿಸಿದ ಮೇಲೆ 6,000 ಕಿ.ಮೀ. ಓಡಿ, 100 ಗಂಟೆ ನಿಂತು ಉರಿದಿದ್ದರೆ ನಿಮ್ಮ 10,000 ಮುಗಿಯಿತು. ಬರೀ ನಿಂತೇ ಇದ್ದರೂ 250 ಗಂಟೆಗೆ ಅದೇ ಅಂಕಿ ಬರುತ್ತದೆ. ಎಷ್ಟೋ ಡೀಸೆಲ್ ಜನರೇಟರ್‌ಗಳಿಗೆ ಆಯಿಲ್ ಬದಲಿಸುವುದೂ 250 ಗಂಟೆಗೇ. ಜೆ.ಸಿ. ರಸ್ತೆಯಲ್ಲಿ ಗಂಟೆ ಎಣಿಸುವ ಅವರ್ ಮೀಟರ್ ಕೇಳಿ, ಎಂಜಿನ್ ಓಡುವಾಗ ಮಾತ್ರ ಓಡುವಂತೆ ಜೋಡಿಸಿಕೊಳ್ಳಿ.

ಅದಕ್ಕಿಂತ ಮುಖ್ಯವಾದದ್ದು ಆಯಿಲ್ ಕಡ್ಡಿ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ, ಗಾಡಿ ಸಮತಟ್ಟಾದ ಜಾಗದಲ್ಲಿರುವಾಗ ಎಳೆದು ನೋಡಿ. ಆಯಿಲ್ ಇಳಿದರೆ ಎಲ್ಲರೂ ಗಾಬರಿಯಾಗುತ್ತಾರೆ, ಏರಿದರೆ ಖುಷಿಪಡುತ್ತಾರೆ! ಐಡ್ಲಿಂಗ್‌ನಲ್ಲಿ ಎಂಜಿನ್ ಸರಿಯಾಗಿ ಕಾಯುವುದಿಲ್ಲ; ಪೂರ್ತಿ ಉರಿಯದ ಡೀಸೆಲ್ ಸಿಲಿಂಡರ್ ಗೋಡೆಗುಂಟ ಇಳಿದು ಆಯಿಲ್‌ಗೆ ಸೇರುತ್ತದೆ. ಕಡ್ಡಿಯ ಮೇಲಿನ ಗೆರೆ ದಾಟಿದೆಯೇ, ಬೆರಳಲ್ಲಿ ಉಜ್ಜಿದರೆ ನೀರುನೀರಾಗಿದೆಯೇ, ಮೂಗಿಗೆ ಡೀಸೆಲ್ ವಾಸನೆ ಹೊಡೆಯುತ್ತದೆಯೇ? ಹಾಗಿದ್ದರೆ ಗಂಟೆಯನ್ನೂ ನೋಡಬೇಡಿ, ಫಿಲ್ಟರ್ ಸಮೇತ ಬದಲಿಸಿ.

ಹೆಬ್ಬಾಳದಿಂದ:
ಗಾಡಿ ಯಾವ ವರ್ಷದ್ದು? 2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್ ಆದರೆ ಸೈಲೆನ್ಸರ್ ದಾರಿಯಲ್ಲಿ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಫಿಲ್ಟರ್ ಇದ್ದೇ ಇರುತ್ತದೆ ಎನ್ನಬಹುದು. ನಿಂತ ಎಂಜಿನ್‌ನ ಹೊಗೆಗೆ ಆ ಮಸಿ ಸುಡುವಷ್ಟು ಶಾಖ ಇರುವುದಿಲ್ಲ. ಅದು ಸುಟ್ಟುಹೋಗಲು ಮರುದಿನ ಹೆದ್ದಾರಿಯಲ್ಲಿ 60ರ ಮೇಲೆ ಇಪ್ಪತ್ತು ನಿಮಿಷ ಎಡೆಬಿಡದೆ ಓಡಿಸಿ. ಅಂದಹಾಗೆ, ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ನಿಂತು ಉರಿಸಿದ್ದೂ ಐಡ್ಲಿಂಗ್ ಲೆಕ್ಕಕ್ಕೇ ಸೇರುತ್ತದೆ, ಬಿಡಬೇಡಿ.

ಜಯನಗರದಿಂದ:
ಆಯಿಲ್ ವಿಚಾರ ಸರಿ, ಆದರೆ ಎಂಜಿನ್ ಉರಿಸುವುದೇ ಏಕೆ? ಫ್ರಿಜ್, ಫ್ಯಾನ್, ಲ್ಯಾಪ್‌ಟಾಪ್ ಸೇರಿ 100 ವಾಟ್ ಎಂದುಕೊಳ್ಳಿ. ಗಂಟೆಗೆ ಮುಕ್ಕಾಲು ಲೀಟರ್ ಡೀಸೆಲ್ ಹೋದರೂ ಅದರಲ್ಲಿ ಏಳೂವರೆ ಯೂನಿಟ್‌ನಷ್ಟು ಶಕ್ತಿ ಇರುತ್ತದೆ. ನೀವು ಬಳಸುವುದು ಒಂದು ಯೂನಿಟ್‌ನ ಹತ್ತನೇ ಒಂದು ಪಾಲು. 100 ಆಂಪಿಯರ್-ಅವರ್‌ನ ಲಿಥಿಯಂ ಬ್ಯಾಟರಿ ಒಂದಿದ್ದರೆ ಈ ಹೊರೆಯನ್ನು ಹತ್ತು ಗಂಟೆ ಎಳೆಯುತ್ತದೆ. ಹೋಗುವ ದಾರಿಯಲ್ಲೇ ಅದು ಚಾರ್ಜ್ ಆಗುತ್ತದೆ. ಆದರೆ ನೇರವಾಗಿ ಆಲ್ಟರ್ನೇಟರ್‌ಗೆ (ಎಂಜಿನ್ ಓಡುವಾಗ ಕರೆಂಟ್ ಕೊಡುವ ಯಂತ್ರ) ಜೋಡಿಸಬೇಡಿ. ಲಿಥಿಯಂ ಸಿಕ್ಕಷ್ಟು ಕರೆಂಟ್ ಎಳೆದುಕೊಂಡು ಆಲ್ಟರ್ನೇಟರನ್ನೇ ಸುಡಬಹುದು. ನಡುವೆ ಕರೆಂಟಿಗೆ ಮಿತಿ ಹಾಕುವ ಡಿಸಿ-ಡಿಸಿ ಚಾರ್ಜರ್ ಬೇಕು.

ಅಲ್ಲಿಯವರೆಗೆ ಎಂಜಿನ್ ಚಾಲೂ ಇಟ್ಟು ಒಳಗೆ ಮಲಗುವುದು ಬೇಡವೇ ಬೇಡ. ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ. ಅದನ್ನು ಪತ್ತೆಹಚ್ಚುವ ಅಲಾರಂ ಒಂದನ್ನು ಇವತ್ತೇ ತರಿಸಿ ಹಾಸಿಗೆಯ ಪಕ್ಕ ಹಾಕಿ.