450 ನ್ಯಾನೋಮೀಟರ್ ಕೈಲೇಸರ್: ಮೊದಲ ಡಯೋಡ್ ಸತ್ತೈತಿ, ಎರಡನೇದು ಉಳಿಸೋದು ಹ್ಯಾಂಗ?

ನವನಗರ_ವೈರಿಂಗ್ (ಬಾಗಲಕೋಟೆ)

ನಮಸ್ಕಾರ್ರಿ ಎಲ್ಲಾರಿಗೂ. ಕಟ್ಟಿಗಿ ಮ್ಯಾಲ ಚಿತ್ರ ಸುಡಾಕ, ರಾತ್ರಿ ಕಿರಣ ನೋಡಾಕ ಅಂತ ಕೈಯಾಗ ಹಿಡಿಯೋ ನೀಲಿ ಲೇಸರ್ ಕಟ್ಟಬೇಕಾಗೈತಿ. ಸಾಮಾನು ಇಷ್ಟ: 5.6 ಮಿ.ಮೀ. ಕ್ಯಾನಿನ (ಲೋಹದ ಕವಚ) 450 ನ್ಯಾನೋಮೀಟರ್ ಡಯೋಡ್, 1.6 ವ್ಯಾಟ್ (1.2 ಆಂಪಿಯರ್, ಸುಮಾರು 4.8 ವೋಲ್ಟ್). ಎಲ್‌ಎಂ2596 ಐಸಿಯ ಸಿಸಿ-ಸಿವಿ ಬಕ್ ಬೋರ್ಡ್ (ವೋಲ್ಟ್ ಇಳಿಸೋದು; ಸಿಸಿ ಕರೆಂಟ್ ಹಿಡೀತದ, ಸಿವಿ ವೋಲ್ಟ್ ಹಿಡೀತದ), ಎರಡಕ್ಕೂ ಒಂದೊಂದು ಪಾಟ್ (ತಿರುಗಿಸೋ ಸ್ಕ್ರೂ) ಇರೋದು. 18650 ಲಿಥಿಯಂ ಸೆಲ್ ಎರಡು, ಸೀರಿಸ್‌ನಾಗ. ಅಲ್ಯುಮಿನಿಯಂ ಟಾರ್ಚಿನ ಖಾಲಿ ಬಾಡಿ, 12 ಮಿ.ಮೀ. ಹಿತ್ತಾಳಿ ಮಾಡ್ಯೂಲ್, ಗಾಜಿನ ಲೆನ್ಸ್. ಡಯೋಡ್ ಜೋಡಿ ಪುಕ್ಕಟೆ ಬಂದ ಹಸಿರು ಪ್ಲಾಸ್ಟಿಕ್ ಕನ್ನಡಕ ಒಂದು.

ಮೊದಲನೇ ಡಯೋಡ್ ಹಚ್ಚಿದ ಕೂಡಲೆ ಒಂದು ಸಲ ಝಗ್ ಅಂತು, ಆಮ್ಯಾಲ ಎಲ್‌ಇಡಿ ಹಂಗ ಮಂಕ ನೀಲಿ ಬೆಳಕ ಅಷ್ಟ. ಕಿರಣ ಇಲ್ಲ, ಚುಕ್ಕಿ ಇಲ್ಲ. ಕರೆಂಟ್ ಮೀಟರಿನಾಗ ಮಾತ್ರ 1.2 ಆಂಪಿಯರ್ ತೋರಸ್ತದ. ಬೋರ್ಡಿಗೆ ಮೊದಲ ಬ್ಯಾಟರಿ ಹಚ್ಚಿ, ಆಮ್ಯಾಲ ಡಯೋಡಿನ ತಂತಿ ಮುಟ್ಟಿಸಿದ್ದು. ಏನು ತಪ್ಪಾತು? ಎರಡನೇ ಡಯೋಡ್ ಬರೋದ್ರಾಗ ತಿಳಕೊಬೇಕು.

ಅರ್ಥಿಂಗ್_ಮೊದಲು (ಬೆಳಗಾವಿ)

ಕೊನೆಯ ಸಾಲಿನಲ್ಲಿ ಉತ್ತರ ನೀವೇ ಬರೆದಿದ್ದೀರಿ. ಡಯೋಡ್ ಇಲ್ಲದೆ ಬೋರ್ಡ್ ಚಾಲೂ ಇದ್ದಾಗ ಅದಕ್ಕೆ ಕರೆಂಟ್ ಹರಿಯಲು ದಾರಿ ಇರುವುದಿಲ್ಲ. ಆಗ ಔಟ್‌ಪುಟ್ ವೋಲ್ಟೇಜ್ ಸಿವಿ ಪಾಟ್ ಎಲ್ಲಿದೆಯೋ ಅಲ್ಲಿಯವರೆಗೆ ಏರುತ್ತದೆ, ಪಾಟ್ ಪೂರ್ತಿ ಮೇಲಿದ್ದರೆ ಹತ್ತಿರ ಹತ್ತಿರ 8 ವೋಲ್ಟ್. ಔಟ್‌ಪುಟ್‌ನ ದೊಡ್ಡ ಕೆಪಾಸಿಟರ್ ಅಷ್ಟಕ್ಕೂ ತುಂಬಿ ಕೂತಿರುತ್ತದೆ. ಡಯೋಡಿನ ಕಾಲು ಮುಟ್ಟಿಸಿದ ಕ್ಷಣ ಆ ಚಾರ್ಜ್ ಒಮ್ಮೆಲೆ ಅದರೊಳಗೆ ನುಗ್ಗುತ್ತದೆ. ಕರೆಂಟ್ ಹಿಡಿಯುವ ಸರ್ಕ್ಯೂಟ್ ಕೆಪಾಸಿಟರಿನ ಹಿಂದಿದೆ, ಆ ಏಟನ್ನು ಅದು ತಡೆಯಲಾರದು. ಡಯೋಡಿನ ಮುಖದ ಕನ್ನಡಿ ಪದರ ಮೈಕ್ರೋಸೆಕೆಂಡುಗಳಲ್ಲಿ ಸುಟ್ಟುಹೋಗುತ್ತದೆ. ಜಂಕ್ಷನ್ ಉಳಿದಿರುವುದರಿಂದ ಕರೆಂಟ್ ಎಳೆಯುತ್ತದೆ, ಮಂಕಾಗಿ ಹೊಳೆಯುತ್ತದೆ, ಲೇಸರ್ ಮಾತ್ರ ಆಗುವುದಿಲ್ಲ. ಇದು ರಿಪೇರಿ ಆಗುವ ಮಾತಲ್ಲ.

ಎರಡನೆಯದಕ್ಕೆ ಹೀಗೆ ಮಾಡಿ. ಮೊದಲು ಸುಳ್ಳು ಲೋಡ್ ಕಟ್ಟಿ: 1ಎನ್5408 ಡಯೋಡ್ ನಾಲ್ಕು ಸೀರಿಸ್‌ನಲ್ಲಿ, ಅದರ ಜೊತೆಗೇ ಸೀರಿಸ್‌ನಲ್ಲಿ 1 ಓಮ್, 5 ವ್ಯಾಟ್ ರೆಸಿಸ್ಟರ್. 1.2 ಆಂಪಿಯರ್ ಹರಿಯುವಾಗ ನಾಲ್ಕು ಡಯೋಡ್ ಸೇರಿ ಮೂರೂವರೆ ವೋಲ್ಟ್ ಆಸುಪಾಸು, ರೆಸಿಸ್ಟರ್ 1.2 ವೋಲ್ಟ್, ಒಟ್ಟು ಲೇಸರ್ ಡಯೋಡಿನ ಲೆಕ್ಕಕ್ಕೇ ಬರುತ್ತದೆ. 1ಎನ್4007 ಹಾಕಬೇಡಿ, ಅದು 1 ಆಂಪಿಯರಿನದು. ಮಲ್ಟಿಮೀಟರನ್ನು ವೋಲ್ಟ್‌ಗೆ ಇಟ್ಟು ರೆಸಿಸ್ಟರಿನ ಎರಡು ತುದಿಗೆ ಹಿಡಿದರೆ 1 ವೋಲ್ಟ್ ಅಂದರೆ 1 ಆಂಪಿಯರ್, ನೇರ ಓದಬಹುದು. ಸಿಸಿ ಪಾಟ್ ಪೂರ್ತಿ ಕೆಳಗಿಟ್ಟು ಚಾಲೂ ಮಾಡಿ, ನಿಧಾನ ಏರಿಸಿ 0.9ಕ್ಕೆ ನಿಲ್ಲಿಸಿ. 1.2 ಆಮೇಲೆ ನೋಡಿದರಾಯಿತು. ಲೋಡ್ ತೆಗೆದು, ಏನೂ ಇಲ್ಲದಾಗಿನ ಔಟ್‌ಪುಟ್ 5.2 ವೋಲ್ಟ್ ದಾಟದಂತೆ ಸಿವಿ ಪಾಟ್ ಕೂರಿಸಿ.

ಬ್ಯಾಟರಿ ತೆಗೆಯಿರಿ. ಔಟ್‌ಪುಟ್‌ನ ಎರಡು ತುದಿಯನ್ನು 100 ಓಮ್ ರೆಸಿಸ್ಟರಿನಿಂದ ಐದು ಸೆಕೆಂಡು ಮುಟ್ಟಿಸಿ, ಮೀಟರಿನಲ್ಲಿ ಸೊನ್ನೆ ಬಂತೇ ನೋಡಿ. ಆಮೇಲೆಯೇ ಡಯೋಡ್ ಬೆಸುಗೆ ಹಾಕಿ, ಕೊನೆಗೆ ಬ್ಯಾಟರಿ. ಚಾಲೂ ಇರುವಾಗ ಡಯೋಡಿನ ತಂತಿ ಬಿಚ್ಚುವುದೂ ಬೇಡ, ಮತ್ತೆ ಜೋಡಿಸುವುದೂ ಬೇಡ. ಲೂಸ್ ತಂತಿ ಒಮ್ಮೆ ಬಿಟ್ಟು ಒಮ್ಮೆ ಕೂಡಿದರೂ ಅದೇ ಕತೆ, ಹಾಗಾಗಿ ಕ್ರೊಕೊಡೈಲ್ ಕ್ಲಿಪ್ ಹತ್ತಿರವೂ ಸುಳಿಯಬಾರದು.

ಇನ್ನೊಂದು, ಟಾರ್ಚ್ ಬಾಡಿ ಬಳಸುವವರು ತಪ್ಪದೆ ಎಡವುವ ಕಡೆ. ಈ ಬಗೆಯ ಬೋರ್ಡುಗಳಲ್ಲಿ ಕರೆಂಟ್ ಅಳೆಯುವ ಚಿಕ್ಕ ರೆಸಿಸ್ಟರ್ ಸಾಮಾನ್ಯವಾಗಿ ನೆಗೆಟಿವ್ ಬದಿಯಲ್ಲಿರುತ್ತದೆ. ಇನ್‌ಪುಟ್ ನೆಗೆಟಿವ್, ಔಟ್‌ಪುಟ್ ನೆಗೆಟಿವ್ ಒಂದೇ ಅಲ್ಲ. ಟಾರ್ಚಿನಲ್ಲಿ ಬಾಡಿಯೇ ಬ್ಯಾಟರಿಯ ನೆಗೆಟಿವ್. ಡಯೋಡಿನ ಕ್ಯಾನ್ ನೆಗೆಟಿವ್ ಕಾಲಿಗೆ ಕೂಡಿದ್ದರೆ ಮಾಡ್ಯೂಲಿನ ಮೂಲಕ ಬಾಡಿ ತಲುಪಿ ಆ ರೆಸಿಸ್ಟರನ್ನು ಸುತ್ತುಹಾಕಿಬಿಡುತ್ತದೆ. ಸಿಸಿ ಕುರುಡಾಗುತ್ತದೆ, ಪಾಟ್ ಎಲ್ಲಿದ್ದರೂ ಡಯೋಡಿಗೆ ಸಿಕ್ಕಷ್ಟು ಕರೆಂಟ್. ಡೇಟಾಶೀಟಿನಲ್ಲಿ ಕ್ಯಾನ್ ಯಾವ ಕಾಲಿಗೆ ಸೇರಿದೆ, ಇಲ್ಲ ಎರಡಕ್ಕೂ ಸೇರದೆ ಬೇರೆ ಇದೆಯೋ ನೋಡಿಕೊಳ್ಳಿ. ಸೇರಿದ್ದರೆ ಬ್ಯಾಟರಿಯ ನೆಗೆಟಿವನ್ನು ಬಾಡಿಯಿಂದ ಬಿಡಿಸಿ ತಂತಿಯಲ್ಲಿ ತನ್ನಿ.

ಸ್ಟ್ಯಾಟಿಕ್ ಬಗ್ಗೆ ಒಂದೇ ಮಾತು: ಫೆಬ್ರುವರಿಯಿಂದ ಮೇವರೆಗೆ ನಮ್ಮ ಕಡೆ ಗಾಳಿ ಒಣ, ಪಾಲಿಯೆಸ್ಟರ್ ಅಂಗಿ ತೆಗೆದಾಗ ಚಟಪಟ ಅನ್ನುತ್ತದಲ್ಲ, ಅಷ್ಟು ಸಾಕು ಡಯೋಡ್ ಕೊಲ್ಲಲು. ಕೈಗೆ 1 ಮೆಗಾಓಮ್ ಇರುವ ಅರ್ಥಿಂಗ್ ಪಟ್ಟಿ, ಮೂರು ಪಿನ್ನಿನ ಅರ್ಥ್ ಆದ ಬೆಸುಗೆ ಕಡ್ಡಿ, ಬೆಸುಗೆ ಮುಗಿಯುವವರೆಗೆ ಡಯೋಡಿನ ಕಾಲುಗಳ ಸುತ್ತ ಸಣ್ಣ ತಾಮ್ರದ ತಂತಿ. ಪ್ರತಿ ಕಾಲಿಗೆ 3 ಸೆಕೆಂಡಿಗಿಂತ ಹೆಚ್ಚು ಕಾಯಿಸಬೇಡಿ. ಚಾಲೂ ಮಾಡುವ ಮುಂಚೆ ಆ ತಾಮ್ರದ ತಂತಿ ಬಿಚ್ಚುವುದು ನೆನಪಿರಲಿ.

ಹಳೇ_ರೇಡಿಯೋ (ವಿಜಯಪುರ)

ಇಷ್ಟೆಲ್ಲಾ ಯಾಕ್ರಿ? ಎಲ್‌ಎಂ317 ರೆಗ್ಯುಲೇಟರ್ ಐಸಿ ಒಂದು, ರೆಸಿಸ್ಟರ್ ಒಂದು. ರೆಸಿಸ್ಟರಿನ ಓಮ್ ಅಂದ್ರ 1.25 ಭಾಗಿಲೆ ಕರೆಂಟ್. 1.2 ಆಂಪಿಯರಿಗೆ 1.04 ಓಮ್. ಔಟ್‌ಪುಟ್‌ನಾಗ ದೊಡ್ಡ ಕೆಪಾಸಿಟರ್ ಇಲ್ಲ, ಏಟೂ ಇಲ್ಲ.

ಅರ್ಥಿಂಗ್_ಮೊದಲು (ಬೆಳಗಾವಿ)

ಮೇಜಿನ ಮೇಲೆ 12 ವೋಲ್ಟ್ ಸಪ್ಲೈ ಇದ್ದರೆ ಒಪ್ಪುತ್ತೇನೆ ಅಣ್ಣಾವ್ರೆ, ಕೈಲೇಸರಿಗೆ ಆಗುವುದಿಲ್ಲ. ಡಯೋಡಿಗೆ 4.8, ರೆಸಿಸ್ಟರಿಗೆ 1.25, ಐಸಿ ತನಗೇ ಸುಮಾರು 2 ವೋಲ್ಟ್ ಬೇಡುತ್ತದೆ. ಕೂಡಿಸಿದರೆ 8 ವೋಲ್ಟ್. ಎರಡು ಸೆಲ್ ಪೂರ್ತಿ ತುಂಬಿದಾಗ 8.4, ಹತ್ತು ನಿಮಿಷಕ್ಕೆ 8ರ ಕೆಳಗೆ ಇಳಿಯುತ್ತದೆ, ಅಲ್ಲಿಂದ ಕರೆಂಟ್ ಕುಸಿಯುತ್ತಲೇ ಹೋಗುತ್ತದೆ. ಮೂರು ಸೆಲ್ ಹಾಕಿದರೆ 12.6ರಲ್ಲಿ 4.8 ಕಳೆದು ಉಳಿದ 7.8 ವೋಲ್ಟ್ 1.2 ಆಂಪಿಯರಿನಲ್ಲಿ ಬರೀ ಶಾಖ, 9 ವ್ಯಾಟ್ ಮೇಲೆ. ಡಯೋಡಿನ ಶಾಖವೇ ತಾಳಲಾರದ ಬಾಡಿಯಲ್ಲಿ ಅದನ್ನೆಲ್ಲಿ ಇಡುವುದು? ಬಕ್ ಆದರೆ 6.4 ವೋಲ್ಟ್‌ವರೆಗೆ ಬ್ಯಾಟರಿ ಬಳಸಿಕೊಳ್ಳುತ್ತದೆ.

ಕೆಪಾಸಿಟರ್ ವಿಷಯದಲ್ಲಿ ನಿಮ್ಮ ಮಾತು ಖರೆ. ಎಲ್‌ಇಡಿಗೆಂದು ಮಾಡಿದ ಸಿಸಿ-ಸಿವಿ ಬೋರ್ಡು ಚಾಲೂ ಆಗುವ ಕ್ಷಣದಲ್ಲೂ ಒಮ್ಮೆ ಮೇಲೆ ಹಾರುತ್ತದೆ, ಅದರ ಕರೆಂಟ್ ಹಿಡಿತ ನಿಧಾನ. ನಿಮ್ಮ ಪರಿಚಯದ ಕಾಲೇಜು ಲ್ಯಾಬಿನಲ್ಲಿ ಆಸಿಲೋಸ್ಕೋಪ್ ಸಿಕ್ಕರೆ ಅದೇ 1 ಓಮ್ ಮೇಲೆ ಹಿಡಿದು ಸ್ವಿಚ್ ಹಾಕಿ ನೋಡಿ. ಮೊದಲ ಹಾರು 1.2 ವೋಲ್ಟ್ ದಾಟಿದರೆ ಆ ಬೋರ್ಡ್ ಬ್ಯಾಟರಿ ಚಾರ್ಜಿಂಗಿಗೆ ಇಟ್ಟುಕೊಂಡು, ಸಾಫ್ಟ್‌ಸ್ಟಾರ್ಟ್ (ಕರೆಂಟನ್ನು ನಿಧಾನ ಏರಿಸುವುದು) ಇರುವ, ಲೇಸರ್ ಡಯೋಡಿಗೆಂದೇ ಮಾಡಿದ ಡ್ರೈವರ್ ತರಿಸಿ. ಡಯೋಡಿಗಿಂತ ಅಗ್ಗ.

ಕಿರಣ_ಲೆಕ್ಕ (ಬೆಳಗಾವಿ)

ಎಲ್ಲರೂ ಡಯೋಡ್ ಉಳಿಸುವ ಮಾತಾಡುತ್ತಿದ್ದೀರಿ. ಆ ಹಸಿರು ಕನ್ನಡಕವನ್ನು ಇವತ್ತೇ ಕತ್ತರಿಸಿ ಎಸೆಯಿರಿ, ಯಾರಾದರೂ ಎತ್ತಿಕೊಂಡು ಹಾಕಿಕೊಂಡಾರು.

500 ಮಿಲಿವ್ಯಾಟ್ ದಾಟಿದ್ದೆಲ್ಲ 4ನೇ ವರ್ಗ, ಲೇಸರಿನಲ್ಲಿ ಅತಿ ಅಪಾಯದ್ದು. ನೇರ ಕಿರಣವಷ್ಟೇ ಅಲ್ಲ, ಹೊಳೆಯುವ ವಸ್ತುವಿನಿಂದ ಮರಳಿದ್ದೂ ಕಣ್ಣು ತೆಗೆಯುತ್ತದೆ. ಲೆಕ್ಕ ಹಾಕಿ ತೋರಿಸುತ್ತೇನೆ. ಕಾಣುವ ಬೆಳಕಿಗೆ ಕಣ್ಣು ಮಿಟುಕುವ ಕಾಲು ಸೆಕೆಂಡಿಗೆ ಒಪ್ಪಿದ ಮಿತಿ ಚದರ ಮೀಟರಿಗೆ ಸುಮಾರು 25 ವ್ಯಾಟ್. 1.6 ವ್ಯಾಟ್, ಕಿರಣದ ಹರಡು 1.5 ಮಿಲಿರೇಡಿಯನ್ (ಮೀಟರಿಗೆ 1.5 ಮಿ.ಮೀ. ಅಗಲವಾಗುವುದು) ಎಂದು ಹಿಡಿದರೆ ಆ ಮಿತಿಗೆ ಇಳಿಯಲು ಕಿರಣ ಸುಮಾರು 190 ಮೀಟರ್ ಸಾಗಬೇಕು. ಸ್ಟೀಲ್ ತಾಟು, ಕಪಾಟಿನ ಗಾಜು, ಕೈಗಡಿಯಾರ, ಬಳೆ, ವೈಸಿನ ದವಡೆ, ಇವುಗಳಿಂದ ತಿರುಗಿದ ಕಿರಣಕ್ಕೂ ಹೆಚ್ಚುಕಡಿಮೆ ಇದೇ ಲೆಕ್ಕ. ಕೋಣೆ ಎಷ್ಟು ಉದ್ದ ಇದ್ದೀತು?

ನೀಲಿಯಲ್ಲಿ ಒಂದು ಮೋಸವೂ ಇದೆ. 450 ನ್ಯಾನೋಮೀಟರಿಗೆ ನಮ್ಮ ಕಣ್ಣು ಮಂದ. ಅಷ್ಟೇ ಶಕ್ತಿಯ 532ರ ಹಸಿರು ಇದಕ್ಕಿಂತ ಇಪ್ಪತ್ತು ಪಟ್ಟಿಗಿಂತ ಹೆಚ್ಚು ಪ್ರಖರವಾಗಿ ಕಾಣುತ್ತದೆ. ನೀಲಿ ಚುಕ್ಕೆ "ಅಷ್ಟೇನಿಲ್ಲ" ಅನ್ನಿಸಿದಾಗಲೂ ರೆಟಿನಾದ ಮೇಲೆ ಬೀಳುವ ಶಕ್ತಿ ಅಷ್ಟೇ ಇರುತ್ತದೆ. ಮಿಟುಕುವುದನ್ನು ನಂಬುವ ಹಾಗಿಲ್ಲ, ಈ ಶಕ್ತಿಯಲ್ಲಿ ರೆಪ್ಪೆ ಮುಚ್ಚುವ ಮೊದಲೇ ಗಾಯ ಆಗಿರುತ್ತದೆ.

ಕನ್ನಡಕ ಕೊಳ್ಳುವಾಗ ಬಣ್ಣ ನೋಡಿ ನಂಬಬೇಡಿ. ಒಡಿ 4 ಅಂದರೆ ಹತ್ತು ಸಾವಿರದಲ್ಲೊಂದು ಪಾಲು ಒಳಗೆ ಬಿಡುತ್ತದೆ: 1.6 ವ್ಯಾಟಿನಲ್ಲಿ 0.16 ಮಿಲಿವ್ಯಾಟ್. ಲೆಕ್ಕಕ್ಕೆ ಸಾಕು, ಆದರೆ ಗಾಜು ಕಿರಣವನ್ನು ತಾಳಬೇಕಲ್ಲ, ಪ್ಲಾಸ್ಟಿಕ್ ಕರಗಿ ತೂತು ಬಿದ್ದರೆ ಒಡಿ ಎಷ್ಟಿದ್ದೇನು? ಅದಕ್ಕೇ ಇಎನ್ 207 (ಲೇಸರ್ ಕನ್ನಡಕದ ಯುರೋಪಿನ ಮಾನಕ) ಗುರುತು ನೋಡಬೇಕು. ನಿರಂತರ ಕಿರಣಕ್ಕೆ ಡಿ ಅಕ್ಷರ, ಅದರ ಪಕ್ಕ ತರಂಗಾಂತರದ ವ್ಯಾಪ್ತಿ, 450 ಅದರೊಳಗೆ ಬರಬೇಕು, ಆಮೇಲೆ ತಾಳಿಕೆಯ ದರ್ಜೆ ಎಲ್‌ಬಿ5. 3 ಮಿ.ಮೀ. ಅಗಲದ 1.6 ವ್ಯಾಟ್ ಕಿರಣಕ್ಕೆ ಎಲ್‌ಬಿ4 ತಾಳುವ ಮಿತಿ ಸಾಲದು. ಈ ಗುರುತು ಗಾಜಿನ ಮೇಲೋ ಫ್ರೇಮಿನ ಮೇಲೋ ಅಚ್ಚಾಗಿರಬೇಕು, ಡಬ್ಬಿಯ ಮೇಲಿನ ಮಾತು ಲೆಕ್ಕಕ್ಕಿಲ್ಲ. ನೀಲಿಗೆ ಸರಿಯಾದದ್ದು ಸಾಮಾನ್ಯವಾಗಿ ಕಿತ್ತಳೆ ಬಣ್ಣದ್ದಿರುತ್ತದೆ. ಕೋಣೆಯಲ್ಲಿ ಎಷ್ಟು ತಲೆಯೋ ಅಷ್ಟು ಕನ್ನಡಕ, ಇಲ್ಲದವರು ಹೊರಗೆ. ಕನ್ನಡಕ ಇದೆಯೆಂದು ಕಿರಣದೊಳಗೆ ನೋಡುವುದೂ ಇಲ್ಲ. ಅದು ಅಕಸ್ಮಾತ್ತಿಗೆ ಮಾತ್ರ.

ಇದೇ ಕನ್ನಡಕ ಹಾಕಿಕೊಂಡು ಅಗ್ಗದ ಹಸಿರು ಪಾಯಿಂಟರ್ ಬಿಚ್ಚಲು ಕೂರಬೇಡಿ. ಅದರೊಳಗೆ 808 ನ್ಯಾನೋಮೀಟರಿನ ಪಂಪ್ ಡಯೋಡ್, ಅದರಿಂದ 1064, ಅದರ ಕಂಪನಾಂಕ ಇಮ್ಮಡಿಸಿ 532. ಸೋಸುವ ಗಾಜು ಹಾಕದೆ ದುಡ್ಡು ಉಳಿಸಿದ್ದರೆ ಕಾಣದ ಇನ್‌ಫ್ರಾರೆಡ್ ಹೊರಗೆ ಸುರಿಯುತ್ತಿರುತ್ತದೆ. ಅಮೆರಿಕದ ಅಳತೆ-ಮಾನಕ ಸಂಸ್ಥೆ ಎನ್‌ಐಎಸ್‌ಟಿ 2010ರಲ್ಲಿ ಪರೀಕ್ಷಿಸಿದ ಅಂಥ ಒಂದು ಪಾಯಿಂಟರ್ ಸುಮಾರು 20 ಮಿಲಿವ್ಯಾಟ್ ಇನ್‌ಫ್ರಾರೆಡ್ ಉಗುಳುತ್ತಿತ್ತು.

ಲೇಥ್_ಮಾಸ್ತರ್ (ಉದ್ಯಮಬಾಗ್, ಬೆಳಗಾವಿ)

ಶಾಖದ ಮಾತು ಯಾರೂ ತೆಗೀಲಿಲ್ಲ. ಒಳಗ ಹೋಗೋದು 1.2 ಇಂಟು 4.8, ಅಂದ್ರ 5.8 ವ್ಯಾಟ್. ಬೆಳಕಾಗಿ ಬರೋದು 1.6. ಉಳಿದ 4.2 ವ್ಯಾಟ್ ಡಯೋಡಿನ ಬುಡದಾಗ ಶಾಖ. ಟಾರ್ಚಿನ ತೆಳ್ಳನ ಬಾಡಿ ಇದನ್ನ ಹಿಡಿಯಂಗಿಲ್ಲ.

30 ಮಿ.ಮೀ. ಅಲ್ಯುಮಿನಿಯಂ ರಾಡ್ 60 ಮಿ.ಮೀ. ಉದ್ದ ಕೊಯ್ಸ್ರಿ. ಮುಂದಿನಿಂದ 25 ಮಿ.ಮೀ. ಆಳಕ್ಕ 11.8 ಡ್ರಿಲ್, ಮ್ಯಾಲ 12 ರೀಮರ್. ಹಿಂದ ತಂತಿಗೆ 5 ಮಿ.ಮೀ. ತೂತು, ಬಾಯಿ ಚಾಂಫರ್ ಮಾಡ್ರಿ, ಇಲ್ಲಂದ್ರ ತಂತಿಯ ತೊಗಲು ಹರೀತದ. ಬಾಜೂಕ ಎಂ3 ಗ್ರಬ್ ಸ್ಕ್ರೂ ಒಂದು. ಮಾಡ್ಯೂಲ್ ಕೈಲೆ ಒತ್ತಿದ್ರ ಬಿಗಿಯಾಗಿ ಹೋಗಬೇಕು, ಅಲ್ಲಾಡಬಾರದು. ಸಂದಿಗೆ ಥರ್ಮಲ್ ಪೇಸ್ಟ್ ತೆಳ್ಳಗ. ಡ್ರಿಲ್ ಒಂದರಲೇ ಮುಗಿಸಿದ ತೂತು ದುಂಡಗ ಇರಂಗಿಲ್ಲ, ಮಾಡ್ಯೂಲ್ ಎರಡ ಗೆರಿ ಮ್ಯಾಲ ಅಷ್ಟ ಕೂಡ್ತದ, ಶಾಖ ದಾಟಂಗಿಲ್ಲ.

ಈ ತುಂಡು 100 ಗ್ರಾಂ ಮ್ಯಾಲ ಬರ್ತದ. 100 ಗ್ರಾಂ ಅಲ್ಯುಮಿನಿಯಂ ಒಂದು ಡಿಗ್ರಿ ಏರಾಕ 90 ಜೂಲ್ ಬೇಕು. 4.2 ವ್ಯಾಟಿಗೆ ನಿಮಿಷಕ್ಕ ಹತ್ತಿರ 3 ಡಿಗ್ರಿ. ಡಿಸೆಂಬರ್‌ನಾಗ 20 ಡಿಗ್ರಿಯಿಂದ ಚಾಲೂ ಆದ್ರ 50ಕ್ಕ ಮುಟ್ಟಾಕ ಹತ್ತು ನಿಮಿಷ. ವಿಜಯಪುರದ ಏಪ್ರಿಲ್‌ನಾಗ ನೆರಳಿನಾಗ 40, ಅಲ್ಲಿಂದ 50ಕ್ಕ ಮೂರೂವರೆ ನಿಮಿಷ, ಮುಗೀತು. ಒಂದು ನಿಮಿಷ ಚಾಲೂ, ಎರಡು ನಿಮಿಷ ಬಂದ್ ಅಂತ ಹಿಡೀರಿ. ಮರೀತೀರಿ ಅಂದ್ರ ಕೆಎಸ್‌ಡಿ 9700 ಬಗೆಯ 50 ಡಿಗ್ರಿ ಥರ್ಮಲ್ ಸ್ವಿಚ್, ಎನ್‌ಸಿ (ತಣ್ಣಗಿದ್ದಾಗ ಕೂಡಿದ್ದು, ಕಾದಾಗ ಬಿಡೋದು) ಇರೋದು, ಹೀಟ್‌ಸಿಂಕಿಗೆ ಒತ್ತಿ ಬ್ಯಾಟರಿಯ ದಾರ್ಯಾಗ ಹಾಕ್ರಿ. ಡಯೋಡಿನ ದಾರ್ಯಾಗ ಹಾಕಬ್ಯಾಡ್ರಿ, ಮ್ಯಾಲ ಹೇಳಿದ ಕೆಪಾಸಿಟರ್ ಏಟು ಅಲ್ಲೂ ಬೀಳ್ತದ.

ಡಯೋಡ್ ಮಾಡ್ಯೂಲಿಗೆ ಒತ್ತೋವಾಗ ಸುತ್ತಿಗಿ ಬ್ಯಾಡ. ವೈಸ್ ಸಾಕು. ಒತ್ತೋ ತುಂಡಿಗೆ ನಡುವ ತೂತು ಇರಬೇಕು, ಬಲ ಕ್ಯಾನಿನ ಬುಡದ ಅಂಚಿಗೆ ಅಷ್ಟ ಬೀಳಬೇಕು. ಕಾಲಿಗಾಗಲಿ ಮುಂದಿನ ಗಾಜಿಗಾಗಲಿ ಬಿದ್ರ ಹೋತು.

ಕಿರಣ_ಲೆಕ್ಕ (ಬೆಳಗಾವಿ)

ಮಾಸ್ತರ್ ಹೇಳಿದ ಥರ್ಮಲ್ ಸ್ವಿಚ್ ತಣ್ಣಗಾದಾಗ ತಾನೇ ಮತ್ತೆ ಕೂಡುತ್ತದೆ. "ಬಂದ್ ಆಯಿತು" ಎಂದು ಕನ್ನಡಕ ತೆಗೆದವರ ಮುಖದ ಮುಂದೆ ಕಿರಣ ಚಾಲೂ ಆಗಬಹುದು. ಹಾಗಾಗಿ ಒತ್ತಿ ಹಿಡಿದಾಗ ಮಾತ್ರ ಉರಿಯುವ ಪುಶ್ ಬಟನ್ ಹಾಕಿ, ಕ್ಲಿಕ್ ಆಗಿ ನಿಲ್ಲುವ ಟಾರ್ಚ್ ಸ್ವಿಚ್ ಬೇಡ. ಅದರ ಹಿಂದೆ ಕೀಲಿ ಸ್ವಿಚ್, ಮನೆಯಲ್ಲಿ ಮಕ್ಕಳಿದ್ದರೆ ಕೀಲಿ ನಿಮ್ಮ ಜೇಬಿನಲ್ಲಿ. ಕೀಲಿ ತಿರುಗಿಸಿದ ಕೂಡಲೆ ಹತ್ತುವ, ಕನ್ನಡಕದೊಳಗಿಂದಲೂ ಕಾಣುವ ಕೆಂಪು ಎಲ್‌ಇಡಿ. ಲೆನ್ಸಿನ ಮುಂದೆ ಹಿತ್ತಾಳೆಯ ಮುಚ್ಚಳ, ಪ್ಲಾಸ್ಟಿಕ್ ಮುಚ್ಚಳವನ್ನು ಇದು ಸುಡುತ್ತದೆ.

ನವನಗರ_ವೈರಿಂಗ್ (ಬಾಗಲಕೋಟೆ)

ಭಾಳ ಉಪಕಾರ ಆತ್ರಿ. ಸುಳ್ಳು ಲೋಡ್ ಕಟ್ಟಿ ನೋಡಿದೆ, ಲೋಡ್ ತೆಗೆದಾಗ ಔಟ್‌ಪುಟ್ 7.6 ವೋಲ್ಟ್ ಐತಿ, ಅಲ್ಲೇ ತಪ್ಪಾಗೈತಿ. ಇನ್ನೆರಡ ಪ್ರಶ್ನೆ. ಕಟ್ಟಿಗಿ ಸುಡೋದು ಕೈಯಾಗ ಹಿಡಿದು ಆಗ್ತದೇನು? ರಾತ್ರಿ ಮಾಳಿಗಿ ಮ್ಯಾಲ ನಕ್ಷತ್ರ ತೋರಿಸಾಕ ಹಿಡಿಬಹುದೇನು?

ಕಿರಣ_ಲೆಕ್ಕ (ಬೆಳಗಾವಿ)

ಎರಡನೆಯದಕ್ಕೆ ಮೊದಲು: ಬೇಡ. ಕಣ್ಣಿಗೆ ಗಾಯ ಆಗುವ ದೂರ 190 ಮೀಟರ್ ಇದ್ದರೂ ಪೈಲಟ್‌ನ ಕಣ್ಣು ಕೋರೈಸುವುದು ಕಿಲೋಮೀಟರ್‌ಗಟ್ಟಲೆ ದೂರದವರೆಗೆ. ಬೆಳಗಾವಿಯವರಿಗೆ ಸಾಂಬ್ರಾ ವಿಮಾನ ನಿಲ್ದಾಣ ತಲೆಯ ಮೇಲೇ ಇದೆ, ಬಾಗಲಕೋಟೆಯ ಆಕಾಶದಲ್ಲೂ ವಿಮಾನ ಹಾಯುತ್ತವೆ. ವಿಮಾನದತ್ತ ಲೇಸರ್ ಹಿಡಿಯುವುದು ಅಪರಾಧ. ನಕ್ಷತ್ರ ತೋರಿಸಲು 5 ಮಿಲಿವ್ಯಾಟ್ ಒಳಗಿನ ಹಸಿರು ಪಾಯಿಂಟರ್ ಸಾಕಷ್ಟು ಕಾಣುತ್ತದೆ, ಅದನ್ನೂ ಆಕಾಶ ಖಾಲಿ ಇದೆಯೇ ನೋಡಿಯೇ ಹಿಡಿಯಬೇಕು. ಗಣಪತಿ ಮೆರವಣಿಗೆಗೆ ತರುತ್ತೀರಾ ಎಂದು ಗೆಳೆಯರು ಕೇಳುತ್ತಾರೆ, ಕೇಳಿಯೇ ಕೇಳುತ್ತಾರೆ. ಕೊಡಬೇಡಿ. ಜನರ ಕಣ್ಣು ಒಂದು ಕಡೆ, ಎತ್ತಿದ ಮೊಬೈಲುಗಳ ಕ್ಯಾಮೆರಾ ಸೆನ್ಸರಿನಲ್ಲಿ ಗೆರೆ ಬೀಳುವುದು ಇನ್ನೊಂದು ಕಡೆ.

ಲೇಥ್_ಮಾಸ್ತರ್ (ಉದ್ಯಮಬಾಗ್, ಬೆಳಗಾವಿ)

ಕಟ್ಟಿಗಿ ಸುಡಾಕ ಫೋಕಸ್ ಚುಕ್ಕಿ ಅರ್ಧ ಮಿಲಿಮೀಟರ್ ಒಳಗ ಇರಬೇಕು, ದೂರ ಒಂದೆರಡು ಮಿ.ಮೀ. ಹೆಚ್ಚುಕಡಿಮಿ ಆದ್ರ ಸುಡಂಗಿಲ್ಲ. ಯಾರ ಕೈನೂ ಅಷ್ಟು ನಿಲ್ಲಂಗಿಲ್ಲ. ಅದೇ ಹೀಟ್‌ಸಿಂಕಿಗೆ ಒಂದು ಸ್ಟ್ಯಾಂಡ್ ಮಾಡ್ರಿ, ಕಿರಣ ನೆಲಕ್ಕ ಮುಖ ಮಾಡಿರಲಿ, ಕಟ್ಟಿಗಿ ಸರಿಸ್ರಿ. ಸುತ್ತ ಕಬ್ಬಿಣದ ಶೀಟಿನ ಡಬ್ಬಿ, ಒಳಗ ಮಂಕ ಕರಿ ಬಣ್ಣ, ಬಾಗಿಲಿಗೆ ಮೈಕ್ರೋಸ್ವಿಚ್, ತೆಗೆದ್ರ ಬ್ಯಾಟರಿ ಬಂದ್. ಹಿಂದ ಕಂಪ್ಯೂಟರಿನ ಫ್ಯಾನ್ ಒಂದು, ಹೊಗಿ ಕಿಟಕಿ ಹೊರಗ. ಹೊಗಿ ಲೆನ್ಸಿನ ಮ್ಯಾಲ ಕೂತ್ರ ಅಲ್ಲೇ ಸುಟ್ಟು ಕಲಿ ಬೀಳ್ತದ, ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿ ಕಡ್ಡಿಲೆ ದಿನಾ ಒರಸ್ರಿ. ರೆಕ್ಸಿನ್, ಪಿವಿಸಿ ಮಾತ್ರ ಸುಡಬ್ಯಾಡ್ರಿ, ಅದರಾಗಿಂದ ಬರೋದು ಹೈಡ್ರೋಜನ್ ಕ್ಲೋರೈಡ್, ಎದಿಗೂ ಕೆಟ್ಟದ್ದು, ಕಬ್ಬಿಣಕ್ಕೂ ತುಕ್ಕು.

ಸತ್ತ ಡಯೋಡ್ ಚೆಲ್ಲಬ್ಯಾಡ್ರಿ. ಹೊಸಾದು ಬರೋದ್ರಾಗ ವೈಸಿನಾಗ ಒತ್ತೋದು, ಕಾಲಿಗೆ ಮೂರು ಸೆಕೆಂಡಿನಾಗ ಬೆಸುಗಿ ಹಾಕೋದು, ಎರಡೂ ಅದರ ಮ್ಯಾಲ ನಾಕ್ ಸಲ ಮಾಡಿ ಕೈ ಕೂಡಿಸ್ಕೊರಿ.